ಹಳೆಯ ಅಂಚೆಚೀಟಿಗೆ ಗೋಡೆಗಿಂತ ಆಲ್ಬಮ್ಮೇ ಲೇಸು

ಅಪರೂಪದ ಅಂಚೆಚೀಟಿಗಳು ಕೈಸೇರಿದರೆ ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕುವ ಆಸೆ ಸಹಜ. ದಯವಿಟ್ಟು ಹಾಗೆ ಮಾಡಬೇಡಿ. 1854ರಲ್ಲಿ ಕಲ್ಕತ್ತೆಯಲ್ಲಿ ಕಲ್ಲಚ್ಚಿನಿಂದ ಮುದ್ರಿಸಿದ ನಾಲ್ಕಾಣೆ ಚೀಟಿಯನ್ನೇ ನೋಡಿ: ಸುತ್ತ ಕೆಂಪು ಅಂಚು, ನಡುವೆ ನೀಲಿಯಲ್ಲಿ ವಿಕ್ಟೋರಿಯಾ ರಾಣಿಯ ತಲೆ. ಎರಡು ಬಣ್ಣಗಳನ್ನು ಬೇರೆಬೇರೆಯಾಗಿ ಒತ್ತುವಾಗ ಕೆಲವು ಚೀಟಿಗಳಲ್ಲಿ ತಲೆ ತಲೆಕೆಳಗಾಯಿತು. ಇಂದು ಅವು ಜಗತ್ಪ್ರಸಿದ್ಧ. ಇಂಥ ಚೀಟಿಯ ಚರಿತ್ರೆಯೆಲ್ಲ ಅದರ ಬಣ್ಣದಲ್ಲೇ ಇದೆ. ಬೆಳಕಿಗೆ ಮಾಸಿದ ಬಣ್ಣವನ್ನು ಯಾರೂ ಮರಳಿಸಲಾರರು. ಲಂಡನ್ನಿನ ಬ್ರಿಟಿಷ್ ಲೈಬ್ರರಿ ಕೂಡ ತನ್ನ ಟ್ಯಾಪ್ಲಿಂಗ್ ಅಂಚೆಚೀಟಿ ಸಂಗ್ರಹದ ಹಾಳೆಗಳನ್ನು, ನೋಡುವವರು ಎಳೆದಾಗಷ್ಟೇ ಹೊರಬರುವ ನಿಲುವು ಚೌಕಟ್ಟುಗಳಲ್ಲಿ ಇಟ್ಟಿದೆ.

‘ಬಚ್ಚಿಟ್ಟರೆ ಸಂಗ್ರಹಿಸಿ ಏನು ಬಂತು?’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆಲ್ಬಮ್ ಬಚ್ಚಿಡುವ ಜಾಗವಲ್ಲ, ಕೂತು ನೋಡುವ ಜಾಗ. ಮುದ್ರೆಯ ಗುರುತು, ಕಾಗದದ ನೀರಚ್ಚು ಗೋಡೆಯ ಮೇಲೆ ಯಾರ ಕಣ್ಣಿಗೂ ಬೀಳವು. ನೇರಳಾತೀತ ಕಿರಣ ತಡೆಯುವ ಗಾಜು ಇದೆಯಲ್ಲ ಎನ್ನಬಹುದು. ಅದು ಹಾನಿಯನ್ನು ನಿಧಾನಿಸುತ್ತದೆಯೇ ಹೊರತು ನಿಲ್ಲಿಸದು. ಗೋಡೆಗೆ ಬಣ್ಣದ ದೊಡ್ಡ ಪ್ರತಿ ಹಾಕಿ. ಮೂಲವನ್ನು ಚಿಮಟದಲ್ಲೇ ಹಿಡಿದು, ಆಮ್ಲರಹಿತ ಹಾಳೆಯ ಮೇಲೆ, ಪಿವಿಸಿ ಇಲ್ಲದ ಪಾರದರ್ಶಕ ಹೊದಿಕೆಯಲ್ಲಿಡಿ. ಮಳೆಗಾಲದ ತೇವಕ್ಕೆ ಹಿಂಬದಿಯ ಅಂಟು ಕರಗಿ ಹಾಳೆಗೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಆಲ್ಬಮ್ಮನ್ನು ಒಣಜಾಗದಲ್ಲಿ ನೆಟ್ಟಗೆ ನಿಲ್ಲಿಸಿ. ನೂರೆಪ್ಪತ್ತು ವರ್ಷ ಉಳಿದು ಬಂದದ್ದನ್ನು ಮುಂದಿನವರಿಗೂ ಅದೇ ಬಣ್ಣದಲ್ಲಿ ದಾಟಿಸುವುದು ಸಂಗ್ರಾಹಕರ ಹೊಣೆ.