ಕಾಡು-ನಾಡುಗಳ ಎಲ್ಲೆಯಲ್ಲೊಂದು ಕಾಯಕ

ಕೃಷಿಕನಿಗೆ ಒದಗುವ ಕೇಡುಗಳನ್ನು ನಮ್ಮ ಪ್ರಾಚೀನರು ‘ಈತಿ’ ಎಂಬ ಒಂದೇ ಮಾತಿನಲ್ಲಿ ಸಂಗ್ರಹಿಸಿದರು. ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿ, ಗಡಿಗೆ ಬಂದು ನಿಂತ ಪರರಾಜ—ಇವು ಷಡೀತಿಗಳು. ಆರರಲ್ಲಿ ಮೂರು ಪ್ರಾಣಿಗಳಿಂದ ಬರುವಂಥವು. ಆದರೆ ಈ ಪಟ್ಟಿಯಲ್ಲಿ ಆನೆಯಿಲ್ಲ. ಅದು ಅರಸನ ಸಂಪತ್ತಾಗಿದ್ದಿತು. ಕೌಟಿಲ್ಯನ ಅರ್ಥಶಾಸ್ತ್ರವು ಗಜವನವನ್ನೂ ಅದರ ಅಧ್ಯಕ್ಷನನ್ನೂ ಹೇಳುತ್ತದೆ; ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಆನೆ ಹಿಡಿಯುವ ಕ್ರಮಗಳನ್ನು ವಿವರಿಸುತ್ತದೆ. ಅದೇ ಆನೆ ಇಂದು ಹಾಸನ, ಕೊಡಗುಗಳ ರೈತನಿಗೆ ಏಳನೆಯ ಈತಿಯಾಗಿದೆ. 2010ರಲ್ಲಿ ರಾಷ್ಟ್ರದ ಪಾರಂಪರಿಕ ಪ್ರಾಣಿಯೆಂದು ಘೋಷಿತವಾದುದೂ ಅದೇ. ಪೂಜ್ಯವೂ ಪೀಡಕವೂ ಆದ ಈ ಜೀವಕ್ಕೂ ರೈತನಿಗೂ ನಡುವೆ ನಿಂತು ದುಡಿಯುವವರ ಕಾಯಕವನ್ನು ವಿದ್ಯಾರ್ಥಿಗಳಿಗಾಗಿ ಇಲ್ಲಿ ಸಂಗ್ರಹವಾಗಿ ನಿರೂಪಿಸಿದೆ.

ಈ ಕಾಯಕಕ್ಕೆ ‘ವನ್ಯಜೀವಿ ಹಾನಿ ನಿರ್ವಹಣೆ’ ಎಂದು ಹೆಸರು. ಇಲ್ಲಿ ‘ನಿವಾರಣೆ’ ಎನ್ನದೆ ‘ನಿರ್ವಹಣೆ’ ಎಂದಿರುವುದು ವಿಚಾರಾರ್ಹ. ನಿವಾರಣೆಯೆಂದರೆ ಇಲ್ಲವಾಗಿಸುವುದು, ನಿರ್ವಹಣೆಯೆಂದರೆ ಹೊಣೆ ಹೊತ್ತು ಕಡೆತನಕ ನಡೆಸುವುದು. 2025ರಲ್ಲಿ ಪ್ರಕಟವಾದ ಅಂದಾಜಿನಂತೆ ಕರ್ನಾಟಕದಲ್ಲಿ 6,013 ಆನೆಗಳಿವೆ. ದೇಶದ ಬೇರಾವ ರಾಜ್ಯದಲ್ಲಿಯೂ ಇಷ್ಟಿಲ್ಲ. ಬೆಳೆದ ಆನೆಯೊಂದಕ್ಕೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಹೀಗಿರುವಾಗ ಹಾನಿಯನ್ನು ತಗ್ಗಿಸಬಹುದಲ್ಲದೆ ಪೂರ್ಣವಾಗಿ ಅಳಿಸಲಾಗದು.

ಈ ಕಾಯಕದವರ ಮೊದಲ ಕರ್ತವ್ಯ ಕುರುಹನ್ನು ಓದುವುದು. ಕಾಡುಹಂದಿ ಮೂತಿಯಿಂದ ನೆಲವನ್ನು ಉತ್ತಂತೆ ಕೆದಕುತ್ತದೆ. ಮುಳ್ಳುಹಂದಿ ಗಿಡದ ಬುಡದಲ್ಲಿ ಹಲ್ಲಿನ ಗುರುತುಳಿಸುತ್ತದೆ. ಆನೆ ಬಾಳೆಯನ್ನು ಸೀಳಿ ತಿರುಳನ್ನು ತಿನ್ನುತ್ತದೆ. ದನವನ್ನು ಕೊಂದ ಹುಲಿ ಸಾಮಾನ್ಯವಾಗಿ ಹಿಂತೊಡೆಯಿಂದ ತಿನ್ನತೊಡಗಿದರೆ, ಚಿರತೆ ಹೊಟ್ಟೆಯ ಕಡೆಯಿಂದ ತೊಡಗುವುದುಂಟು. ಕುರುಹನ್ನು ತಪ್ಪಾಗಿ ಓದಿದರೆ ಮಹಜರು ತಪ್ಪುತ್ತದೆ, ಮಹಜರು ತಪ್ಪಿದರೆ ಪರಿಹಾರ ತಡೆಯುತ್ತದೆ. ಪರಿಹಾರ ಕಾಣದೆ ಬೇಸತ್ತವನು ಬೇಲಿಗೆ ನೇರವಾಗಿ ವಿದ್ಯುತ್ತು ಹರಿಸಿದರೆ ಆನೆಯೂ ಸಾಯುತ್ತದೆ, ಅರಿಯದೆ ಮುಟ್ಟಿದ ಮನೆಯವರೂ ಸಾಯುತ್ತಾರೆ. ಒಂದು ಹಾಳೆಯ ಬರೆಹಕ್ಕೆ ಇಷ್ಟು ತೂಕವಿದೆ.

ಎರಡನೆಯದು ತಡೆ. ಆನೆ ಕಂದಕದ ದಂಡೆ ಮಲೆನಾಡಿನ ಮಳೆಗೆ ಕುಸಿದು ದಾರಿಯಾಗುತ್ತದೆ. ಸೋಲಾರ್ ಬೇಲಿ ಕ್ಷಣಮಾತ್ರದ ಮಿಡಿತಗಳಾಗಿ ವಿದ್ಯುತ್ತನ್ನು ಹರಿಸುವುದರಿಂದ ಪೆಟ್ಟು ಕೊಡುತ್ತದೆ, ಕೊಲ್ಲುವುದಿಲ್ಲ. ಆದರೆ ಬಳ್ಳಿ ಹಬ್ಬಿ ತಂತಿಗೆ ತಾಗಿದರೆ ಅದರ ಬಲ ಸೋರಿಹೋಗುತ್ತದೆ. ದಂತಕ್ಕೆ ವಿದ್ಯುತ್ತು ತಾಗದೆಂಬುದನ್ನು ಕಲಿತ ಸಲಗ ದಂತದಿಂದಲೇ ತಂತಿಯನ್ನು ಕೀಳುತ್ತದೆ. ರೈಲು ಕಂಬಿಯ ತಡೆಗೋಡೆ ಬಲವಾದುದು, ಆದರೆ ಬಹುವೆಚ್ಚದ್ದು. ನಿತ್ಯವೂ ನೋಡಿಕೊಳ್ಳುವವನಿಲ್ಲದೆ ಯಾವ ತಡೆಯೂ ಉಳಿಯದು.

ಮೂರನೆಯದು ಮುನ್ನೆಚ್ಚರಿಕೆ. ಆನೆಯ ಹಿಂಡನ್ನು ಹಿರಿಯ ಹೆಣ್ಣಾನೆ ನಡೆಸುತ್ತದೆ. ಹಾಸನ ಜಿಲ್ಲೆಯಲ್ಲಿ ಅಂತಹ ಹೆಣ್ಣಾನೆಗಳಿಗೆ ರೇಡಿಯೋ ಕಾಲರ್ ತೊಡಿಸಿ, ಹಿಂಡು ಇರುವ ಎಡೆಯನ್ನರಿತು, ದೂರವಾಣಿ ಸಂದೇಶಗಳಿಂದಲೂ ರಸ್ತೆಬದಿಯ ದೀಪಫಲಕಗಳಿಂದಲೂ ಜನರಿಗೆ ತಿಳಿಸುವ ಏರ್ಪಾಡಿದೆ. ಮಂಜು ಹರಿಯುವ ಮುನ್ನ ಕಾಫಿ ತೋಟಕ್ಕೆ ನಡೆದುಹೋಗುವ ಕೂಲಿಯಾಳಿಗೆ ಈ ಒಂದು ಮಾತೇ ಪ್ರಾಣರಕ್ಷಕ.

ಕಡೆಯ ಉಪಾಯ ಸೆರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇದಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆಜ್ಞೆ ಬೇಕು. ಅರಿವಳಿಕೆಯ ಚುಚ್ಚುಮದ್ದು ತಾಗಿದೊಡನೆ ಆನೆ ಬೀಳುವುದಿಲ್ಲ. ಕೆಲವು ನಿಮಿಷ ಓಡುತ್ತದೆ. ಅದರ ಬೆನ್ನುಹತ್ತಬೇಕು. ಎದೆಯೂರಿ ಬಿದ್ದರೆ ಉಸಿರು ಕಟ್ಟುವುದರಿಂದ ಕೂಡಲೆ ಪಕ್ಕಕ್ಕೆ ಹೊರಳಿಸಬೇಕು, ಮೈಗೆ ನೀರೆರೆಯಬೇಕು. ಹಗ್ಗ ಬಿಗಿಯುವಾಗ ಮಾವುತರೂ ಸಾಕಾನೆಗಳೂ ಪ್ರಾಣವನ್ನು ಪಣಕ್ಕಿಟ್ಟಿರುತ್ತಾರೆ. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡ ಆನೆಗೆ ಚಿಕಿತ್ಸೆ ಮಾಡಲೆಂದು ಅರಿವಳಿಕೆ ಹಾರಿಸಹೋದ ಅನುಭವಿಯೊಬ್ಬರು ಅದೇ ಆನೆಯಿಂದ ಹತರಾದರು. ಅದೇ ವರ್ಷದ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, 2012ರಿಂದ 2019ರವರೆಗೆ ಮೈಸೂರು ದಸರೆಯ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನು ಕಾಡಾನೆಯೊಡನೆ ಸೆಣಸಿ ಮಡಿದನು.

ಇಷ್ಟು ತೆತ್ತು ಮಾಡುವ ಸೆರೆಯಿಂದ ಸಮಸ್ಯೆ ತೀರುವುದೆ? ಉಚ್ಚ ನ್ಯಾಯಾಲಯದ ಆದೇಶದಂತೆ ರಚಿತವಾದ ಕರ್ನಾಟಕ ಆನೆ ಕಾರ್ಯಪಡೆಯು 2012ರ ವರದಿಯಲ್ಲಿ ಆನೆಗಳ ನೆಲೆಗಳನ್ನು ಸಂರಕ್ಷಣೆ, ಸಹಬಾಳ್ವೆ, ತೆರವು ಎಂದು ಮೂರು ವಲಯಗಳಾಗಿ ವಿಂಗಡಿಸಿತು. ಅದನ್ನನುಸರಿಸಿ ಆಲೂರು ಭಾಗದಲ್ಲಿ 2014ರ ಹೊತ್ತಿಗೆ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ಬೇರೆ ಆನೆಗಳು ಆ ಜಿಲ್ಲೆಯ ತೋಟಗಳನ್ನು ಸೇರಿದವು. ನೆರಳು, ನೀರು, ಹಲಸು, ಬಾಳೆ, ಭತ್ತ ಅಲ್ಲಿಯೇ ಇವೆ. ಬರುವ ಕಾರಣ ಉಳಿದಿರುವವರೆಗೆ ಬರುವವರು ನಿಲ್ಲರು. ರೋಗನಿದಾನವಿಲ್ಲದ ಚಿಕಿತ್ಸೆಯಂತೆ, ಕಾರಣವರಿಯದ ಉಪಾಯವೂ ನಿಷ್ಫಲ.

ದಯೆಯನ್ನು ಧರ್ಮದ ಅಡಿಗಲ್ಲಾಗಿಸಿದ ಶರಣರು ಅರಿವನ್ನೂ ಆಚಾರವನ್ನೂ ಬೇರ್ಪಡಿಸಲಿಲ್ಲ. ಆನೆಯ ಮೇಲಿನ ದಯೆ ಬೆಳೆ ಕಳೆದುಕೊಂಡವನನ್ನು ಮರೆತರೆ ಅದು ಅರ್ಧ ದಯೆ. ರೈತನ ಮೇಲಿನ ದಯೆ ಆನೆಯ ಹಸಿವನ್ನು ಮರೆತರೆ ಅದೂ ಅರ್ಧವೇ. ಎರಡನ್ನೂ ಕೂಡಿಸುವುದು ಕುರುಹನ್ನೋದುವ ಕಣ್ಣು, ಬೇಲಿಯ ಬಳ್ಳಿಯನ್ನು ಸವರುವ ಕೈ, ನಸುಕಿನಲ್ಲಿ ಎಚ್ಚರಿಸುವ ದನಿ. ಮಲೆನಾಡಿನಿಂದ ಬಂದು ಓದುತ್ತಿರುವ ನಮ್ಮ ಮಕ್ಕಳಲ್ಲಿ ಕೆಲವರಾದರೂ ಜೀವಶಾಸ್ತ್ರವನ್ನೂ ಪಶುವೈದ್ಯವನ್ನೂ ಕಲಿತು ಈ ಕಾಯಕಕ್ಕೆ ಸಲ್ಲುವಂತಾಗಲಿ.