ಓಟದ ಕುದುರೆಯೂ ನೋವಿನ ಮದ್ದೂ

ನಮ್ಮ ಅಜ್ಜ ಮೈಸೂರಿನಲ್ಲಿ ಜಟಕಾ ಹೊಡೆಯುತ್ತಿದ್ದವರು. ಅಕ್ಷರ ಬಾರದಿದ್ದರೂ, ಗೊರಸಿನ ಸಪ್ಪಳ ಕೇಳಿಯೇ ಕುದುರೆಯ ಯಾವ ಕಾಲಿನಲ್ಲಿ ನೋವಿದೆಯೆಂದು ಹೇಳುತ್ತಿದ್ದರು. ಒಮ್ಮೆ ಕುದುರೆ ಕುಂಟಿದಾಗ ಪಶುವೈದ್ಯರು ಮದ್ದು ಕೊಟ್ಟು, ಕೆಲವು ದಿನ ಗಾಡಿ ಕಟ್ಟಬೇಡವೆಂದರಂತೆ. ಮರುದಿನವೇ ಕುಂಟು ಮಾಯವಾಯಿತು. ಮನೆಯಲ್ಲಿ ಅಕ್ಕಿಯಿರಲಿಲ್ಲ, ಅಜ್ಜ ಗಾಡಿ ಕಟ್ಟಿದರು. ವಾರ ತುಂಬುವುದರೊಳಗೆ ಕಾಲು ಊದಿ, ಕುದುರೆ ತಿಂಗಳುಗಟ್ಟಲೆ ಲಾಯದಲ್ಲೇ ನಿಂತಿತು. ತಪ್ಪು ಮದ್ದಿನದಲ್ಲ, ತನ್ನದು ಎಂದೇ ಅಜ್ಜ ಕಡೆಯವರೆಗೂ ಹೇಳುತ್ತಿದ್ದರು. ನಮ್ಮ ಮನೆಯಿಂದ ಕಾಲೇಜಿಗೆ ಬಂದವರಲ್ಲಿ ಮೊದಲನೆಯವನಾದ ನನಗೆ, ಕುದುರೆಯ ಔಷಧಗಳ ವಿಷಯ ಓದುವಾಗಲೆಲ್ಲ ಈ ಮಾತು ನೆನಪಾಗುತ್ತದೆ.

ನೋವು, ಊತಗಳಿಗೆ ಕುದುರೆಗಳಿಗೆ ಕೊಡುವ ಹೆಸರಾಂತ ಔಷಧ ಫೀನೈಲ್‌ಬ್ಯುಟಜೋನ್. ಪೆಟ್ಟಾದ ಜಾಗದಲ್ಲಿ ದೇಹವು ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳನ್ನು ಉಂಟುಮಾಡುತ್ತದೆ. ಊತವೂ ನೋವೂ ಹೆಚ್ಚುವುದು ಅವುಗಳಿಂದ. ಔಷಧವು ಇವುಗಳ ಉತ್ಪತ್ತಿಯನ್ನು ತಡೆಯುತ್ತದೆ. ಆದರೆ ಬಿರುಕು ಬಿಟ್ಟ ಮೂಳೆಯನ್ನು ಅದು ಕೂಡಿಸಲಾರದು. ಪ್ರಮಾಣ ಮೀರಿದರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡವೂ ಕೆಡಬಹುದು. ಕುದುರೆಗೆ ಬಾಯಿಲ್ಲ, ಕುಂಟುವುದೇ ಅದರ ಮಾತು. ಆ ಮಾತನ್ನು ನಿಲ್ಲಿಸಿದ ಮೇಲೆ ವಿಶ್ರಾಂತಿ ಕೊಟ್ಟರೆ ಅದು ಚಿಕಿತ್ಸೆ, ಓಡಿಸಿದರೆ?

ಅಜ್ಜನಿಗಿದ್ದುದು ಒಂದು ದಿನದ ಗಳಿಕೆಯ ಆಸೆ. ಜೂಜಿನ ಹಣ ಹರಿಯುವ ಪಂದ್ಯಗಳಲ್ಲಿ ಆಸೆಗೆ ಮಿತಿಯೆಲ್ಲಿ? ಅಮೆರಿಕದ ಕೆಂಟಕಿ ಡರ್ಬಿಯಲ್ಲಿ 1968ನೆಯ ಮೇ 4ರಂದು ಡ್ಯಾನ್ಸರ್ಸ್ ಇಮೇಜ್ ಎಂಬ ಕುದುರೆ ಹಿಂದಿನ ಸಾಲಿನಿಂದ ಬಂದು ಗೆದ್ದಿತು. ಮೂತ್ರಪರೀಕ್ಷೆಯಲ್ಲಿ ಫೀನೈಲ್‌ಬ್ಯುಟಜೋನ್ ಸಿಕ್ಕಿತು. ಅದರ ಕಾಲಿನ ಗಿಣ್ಣುಗಳು ಮೊದಲಿನಿಂದಲೂ ನೋಯುತ್ತಿದ್ದವು. ಮದ್ದು ಕೊಟ್ಟದ್ದು ಪಂದ್ಯಕ್ಕೆ ಆರು ದಿನ ಮುಂಚೆ, ಅಷ್ಟರೊಳಗೆ ದೇಹದಿಂದ ಹೋಗಿರಬೇಕು ಎಂಬುದು ಅದರ ಕಡೆಯವರ ವಾದ. ಒಡೆಯ ಪೀಟರ್ ಫುಲ್ಲರ್ ವರ್ಷಗಟ್ಟಲೆ ನ್ಯಾಯಾಲಯಗಳನ್ನು ಅಲೆದರು. 1972ರಲ್ಲಿ ಕೆಂಟಕಿಯ ಮೇಲಿನ ನ್ಯಾಯಾಲಯವೂ ಅವರ ವಿರುದ್ಧವೇ ತೀರ್ಪಿತ್ತಿತು. ಗೆಲುವು ಎರಡನೆಯದಾಗಿ ಬಂದಿದ್ದ ಫಾರ್ವರ್ಡ್ ಪಾಸ್‌ಗೆ ಉಳಿಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಆ ಔಷಧವನ್ನು ಅಭ್ಯಾಸದ ದಿನಗಳಲ್ಲಿ ಕೊಡುವುದಕ್ಕೆ ಅಡ್ಡಿಯಿರಲಿಲ್ಲ. ನಿಷೇಧವಿದ್ದುದು ಓಟದ ಹೊತ್ತಿಗೆ ಅದು ಮೈಯಲ್ಲಿ ಉಳಿದಿರುವುದಕ್ಕೆ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವೂ ಇಂದು ಎರಡು ಪಟ್ಟಿಗಳನ್ನಿಟ್ಟಿದೆ: ಎಂದೆಂದಿಗೂ ಕೊಡಬಾರದವು ಒಂದು, ಚಿಕಿತ್ಸೆಗೆ ಸಲ್ಲುವ, ಆದರೆ ಸ್ಪರ್ಧೆಯ ಹೊತ್ತಿಗೆ ಇರಬಾರದವು ಮತ್ತೊಂದು. ಫೀನೈಲ್‌ಬ್ಯುಟಜೋನ್ ಎರಡನೆಯದರಲ್ಲಿದೆ. ಅದು ಪರೀಕ್ಷೆಗೆ ಸಿಕ್ಕುವ ಅವಧಿಯನ್ನು ಒಕ್ಕೂಟ 7 ದಿನವೆಂದು ತಿಳಿಸಿದೆ. ಆದರೆ ಇದು ಕೆಲವೇ ಕುದುರೆಗಳ ಮೇಲೆ ನೋಡಿದ ಲೆಕ್ಕ. ಒಂದೊಂದು ಕುದುರೆಯ ದೇಹ ಒಂದೊಂದು ಬಗೆ. ಆದ್ದರಿಂದ ಇನ್ನೆಷ್ಟು ದಿನ ಕಾಯಬೇಕೆಂದು ಪಶುವೈದ್ಯರೇ ನಿರ್ಧರಿಸಬೇಕು.

2021ರ ಡರ್ಬಿಯಲ್ಲಿ ಗೆದ್ದ ಮೆದೀನಾ ಸ್ಪಿರಿಟ್ ಕುದುರೆಯ ರಕ್ತದಲ್ಲಿ ಬೀಟಾಮೆಥಾಸೋನ್ ಸಿಕ್ಕಾಗ, ಅದು ಚರ್ಮರೋಗಕ್ಕೆ ಹಚ್ಚಿದ ಮುಲಾಮಿನಿಂದ ಬಂದದ್ದೆಂದು ಅದರ ಕಡೆಯವರು ಹೇಳಿದರು. ಹಚ್ಚಿದ್ದಾದರೇನು, ಚುಚ್ಚಿದ್ದಾದರೇನು, ಓಟದ ದಿನ ರಕ್ತದಲ್ಲಿರಬಾರದೆಂದು 2022ರಲ್ಲಿ ಗೆಲುವನ್ನು ಕಿತ್ತುಕೊಂಡರು. ಮುಲಾಮಿಗೂ ಇಷ್ಟು ಶಿಕ್ಷೆಯೇ ಎಂದು ನನಗೂ ಮೊದಲು ಅನಿಸಿತ್ತು. ಆದರೆ ಓಟಕ್ಕೆ ಮುಂಚೆ ವೈದ್ಯರು ಕುದುರೆಯನ್ನು ನಡೆಸಿ, ಕುಂಟು ಇದೆಯೇ ಎಂದು ನೋಡುತ್ತಾರೆ. ನೋವು, ಊತಗಳನ್ನು ಅಡಗಿಸುವ ಮದ್ದು ಮೈಯಲ್ಲಿದ್ದರೆ ಅವರ ಕಣ್ಣಿಗೆ ಏನೂ ಕಾಣದು. ಬಳಿಕ ಸುಮಾರು 500 ಕಿಲೋ ತೂಕದ ಆ ಪ್ರಾಣಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಬೆನ್ನ ಮೇಲೊಬ್ಬ ಸವಾರನೂ ಇರುತ್ತಾನೆ.