ಕಫದಲ್ಲಿ ಕಂಡದ್ದು ಯಾವ ರೋಗಾಣು?

ಮನೆಯಲ್ಲಿ ಯಾರಿಗಾದರೂ ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಲೇಬೇಕು. ತುಮಕೂರು ಜಿಲ್ಲೆಗೆ ಇದು ಹೊಸದಲ್ಲ. 1960-61ರಲ್ಲೇ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇಲ್ಲಿನ ಹಳ್ಳಿಗಳಲ್ಲಿ ಎಕ್ಸ್‌ರೇ ತೆಗೆದು, ಕಫ ಪರೀಕ್ಷಿಸಿ ಕ್ಷಯದ ಸಮೀಕ್ಷೆ ನಡೆಸಿತ್ತು.

ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕ್ಷಯದ ರೋಗಾಣು ಕೆಂಪು ಕಡ್ಡಿಯಂತೆ ಕಾಣುತ್ತದೆ. ತೊಂದರೆ ಇರುವುದು ಇಲ್ಲೇ. ಶಿರಾದ ಹೊಲವಿರಲಿ, ಮಧುಗಿರಿಯ ಕೆರೆಯಿರಲಿ, ಮಣ್ಣು ನೀರಿನಲ್ಲಿ ವಾಸಿಸುವ ಅದರ ದಾಯಾದಿಗಳೂ ಹೀಗೆಯೇ ಕಾಣುತ್ತವೆ! ಅವುಗಳಲ್ಲಿ ಕೆಲವು ದುರ್ಬಲ ಶ್ವಾಸಕೋಶಕ್ಕೆ ತಗುಲುವುದುಂಟು. ಅದಕ್ಕೆ ಔಷಧಿ ಬೇರೆ.

ಹಾಗಾದರೆ ಗುರುತಿಸುವುದು ಹೇಗೆ? ರೋಗಾಣುವಿನ ವಂಶವಾಹಿಗಳು ನಾಲ್ಕೇ ಅಕ್ಷರಗಳ ಬರಹವಿದ್ದಂತೆ. ಇಂಗ್ಲೆಂಡಿನ ಸ್ಯಾಂಗರ್ ಕೇಂದ್ರ ಮತ್ತು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು 1998ರಲ್ಲಿ ಕ್ಷಯಾಣುವಿನ ಇಡೀ ಬರಹವನ್ನು ಓದಿ ಮುಗಿಸಿದರು: ಸುಮಾರು 44 ಲಕ್ಷ ಅಕ್ಷರ, 4,000 ವಂಶವಾಹಿ. ಮಣ್ಣಿನಲ್ಲಿ ಬದುಕುವ ಸ್ಮೆಗ್ಮಾಟಿಸ್ ಎಂಬ ದಾಯಾದಿಯದು ಸುಮಾರು 70 ಲಕ್ಷ. ಬಿಸಿಲು, ಬರ, ಸಿಕ್ಕಿದ ಆಹಾರ ಎಲ್ಲಕ್ಕೂ ಅದು ಸಿದ್ಧವಿರಬೇಕಲ್ಲ! ಮನುಷ್ಯನ ಜೀವಕೋಶದೊಳಗೇ ಹಾಯಾಗಿರುವ ಕುಷ್ಠದ ರೋಗಾಣುವಿನದು 33 ಲಕ್ಷ ಮಾತ್ರ; ಅದರಲ್ಲೂ ಅನೇಕ ಕೆಟ್ಟುಹೋದ ವಂಶವಾಹಿಗಳು.

ಈ ಓದಿನ ಫಲ ಈಗ ನಿಮ್ಮ ಕೈಗೆ ಸಿಗುತ್ತಿದೆ. ಬೆಂಗಳೂರಿನಲ್ಲಿ ರೂಪುಗೊಂಡ, 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಟ್ರೂನ್ಯಾಟ್ ಪರೀಕ್ಷೆ ಒಂದೆರಡು ಗಂಟೆಯಲ್ಲಿ ಕ್ಷಯಾಣುವನ್ನು ಗುರುತಿಸುತ್ತದೆ. ರಿಫಾಂಪಿಸಿನ್ ಔಷಧಿಗೆ ಅದು ಬಗ್ಗುತ್ತದೆಯೇ ಎಂಬುದನ್ನೂ ತಿಳಿಸುತ್ತದೆ. ರೋಗಾಣುವನ್ನು ಬೆಳೆಸಿ ನೋಡುವ ಹಳೆಯ ವಿಧಾನಕ್ಕೆ ವಾರಗಟ್ಟಲೆ ಬೇಕು. ಅಷ್ಟರಲ್ಲಿ ರೋಗ ಮನೆಮಂದಿಗೂ ಹರಡಬಹುದು.

ಒಂದು ಮಾತು: ಡಬ್ಬಿಯಲ್ಲಿ ಎಂಜಲು ಉಗುಳಿ ಕೊಡಬೇಡಿ. ಎದೆಯ ಆಳದಿಂದ ಕೆಮ್ಮಿ ತೆಗೆದ ಕಫವೇ ಬೇಕು.